ತುಂಬ ದಿನವಾಯ್ತು ಬರೆಯದೆ

ನನ್ನ ಬ್ಲಾಗಿನಲ್ಲಿ ಕ್ಷಮೆ ಕೇಳಿದ ಬರಹಗಳೇ ಏಳು ಇವೆ. ಮೊನ್ನೆ ಕೂತು ಎಣಿಸಿದೆ. "ತುಂಬ ದಿನವಾಯ್ತು ಬರೆಯದೆ", "ಮತ್ತೆ ಬಂದೆ", "ಆಫೀಸಿನ ಗಡಿಬಿಡಿಯಲ್ಲಿ ಈ ಕಡೆ ತಲೆ ಹಾಕಲಾಗಲಿಲ್ಲ", "ಇನ್ನು ಮುಂದೆ ವಾರಕ್ಕೊಂದಾದರೂ". ಎಲ್ಲ ಇದೇ ಧಾಟಿ. ಏಳರಲ್ಲಿ ಐದರ ಮುಂದೆ ತಿಂಗಳುಗಟ್ಟಲೆ ಏನೂ ಇಲ್ಲ. ಬಂದೆ ಬಂದೆ ಅಂತ ಬಾಗಿಲಲ್ಲಿ ಕೂಗಿದವಳು ಚಪ್ಪಲಿಯನ್ನೂ ಬಿಡದೆ ವಾಪಸ್ಸು ಹೋದ ಹಾಗೆ. ಒಂದರಲ್ಲಂತೂ "ನನ್ನ ಓದುಗರು ಬೇಸರ ಮಾಡಿಕೊಳ್ಳಬಾರದು" ಎಂದು ಬರೆದಿದ್ದೇನೆ. ಆ ಬರಹಕ್ಕೆ ಬಂದ ಕಮೆಂಟು ಒಂದೇ, ಅದೂ ಯಾವುದೋ ಸಾಲದ ಜಾಹೀರಾತು.

ಎಣಿಸುವ ಪ್ರಸಂಗ ಬಂದದ್ದು ಅಕ್ಕನ ಮಗಳಿಂದ. ಬೆಂಗಳೂರಲ್ಲಿ ಪಿಜಿಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುವ ಹುಡುಗಿ. ಭಾನುವಾರ ಫೋನ್ ಮಾಡಿ, "ಚಿಕ್ಕಿ, ನಾನೊಂದು ಬ್ಲಾಗ್ ಶುರು ಮಾಡ್ಬೇಕು ಅಂತಿದೀನಿ. ಹೇಗೆ ಅಂತ ಹೇಳಿಕೊಡ್ತೀಯಾ?" ಅಂದಳು. ಈಗ ಯಾರೇ ಬ್ಲಾಗ್ ಓದ್ತಾರೆ, ರೀಲ್ಸೋ ಗೀಲ್ಸೋ ಮಾಡಬಾರದೇ ಅಂದೆ. "ಮಾಡ್ತಿದ್ದೆ. ಹಾಕಿದ್ ಮೇಲೆ ಯಾರ್ ನೋಡಿದ್ರು ಯಾರ್ ನೋಡ್ಲಿಲ್ಲ ಅಂತ ಕಾಯ್ತಾ ಕೂರೋದೇ ಆಗೋಯ್ತು. ನಂಗೆ ಯಾರೂ ಬರದೇ ಇರೋ ಜಾಗ ಬೇಕು. ಆದ್ರೆ ಬಾಗ್ಲು ಹಾಕಿರಬಾರದು" ಅಂದಳು. ಈ ಮಾತು ನನಗೆ ಹದಿನೈದು ವರ್ಷದ ಕೆಳಗೆ ಹೊಳೆದಿದ್ದರೆ ಏಳು ಕ್ಷಮಾಪಣೆಯಲ್ಲಿ ಆರಾದರೂ ಉಳಿಯುತ್ತಿತ್ತು.

ಅವಳಿಗೆ ಹೇಳಿಕೊಡುವ ಮುಂಚೆ ನನ್ನದು ಹೇಗಿದೆ ನೋಡೋಣ ಎಂದು ತೆರೆದೆ. ಬಲಗಡೆ ಪಟ್ಟಿಯಲ್ಲಿ ವರ್ಷದ ಮುಂದೆ ಬರಹದ ಲೆಕ್ಕ ಇರುತ್ತದಲ್ಲ, ಅದು ಕಾಯಿಲೆಯವರ ಮಂಚಕ್ಕೆ ನೇತುಹಾಕಿದ ಜ್ವರದ ಚಾರ್ಟಿನ ಹಾಗೆ ಕಂಡಿತು. 2008ರಲ್ಲಿ 38. 2009ರಲ್ಲಿ 31. 2010ರಲ್ಲಿ 22. ಆಮೇಲೆ 9, 4, 1. 2014 ಮತ್ತು 2015 ಪಟ್ಟಿಯಲ್ಲೇ ಇಲ್ಲ. ಏನೂ ಬರೆಯದ ವರ್ಷವನ್ನು ಬ್ಲಾಗರ್ (ನನ್ನ ಬ್ಲಾಗಿರುವ ಗೂಗಲಿನ ತಾಣ) ತೋರಿಸುವುದೇ ಇಲ್ಲ, ಆ ಮಟ್ಟಿಗೆ ಅದು ಮರ್ಯಾದಸ್ಥ. 2020ರಲ್ಲಿ ಲಾಕ್‌ಡೌನಿನ ದೆಸೆಯಿಂದ 13. ಅಲ್ಲಿಂದೀಚೆಗೆ ವರ್ಷಕ್ಕೆ ನಾಲ್ಕೋ ಐದೋ. ಹೇಗೆ ನಿಂತುಹೋಯಿತು ಎನ್ನುವುದಕ್ಕಿಂತ ಹೇಗೆ ಪೂರ್ತಿ ನಿಲ್ಲಲಿಲ್ಲ ಎನ್ನುವುದೇ ನನಗೀಗ ಆಶ್ಚರ್ಯ.

ಡಬ್ಬಿ ಅಕ್ಷರದ ದಿನಗಳು

2008ರ ಸಂಕ್ರಾಂತಿಯ ರಜೆಯಲ್ಲಿ ಶುರು ಮಾಡಿದ್ದು. ಮೂರು ದಿನ ರಜೆ, ಮೂರೂ ದಿನ ಹೆಸರು ಹುಡುಕುವುದರಲ್ಲಿ ಮತ್ತು ತಲೆಪಟ್ಟಿಗೆ ಬಣ್ಣ ಬದಲಾಯಿಸುವುದರಲ್ಲಿ ಹೋಯಿತು. ಆಗಿನ ಕನ್ನಡ ಬ್ಲಾಗುಗಳ ಹೆಸರಿಗೊಂದು ಮಳೆಗಾಲದ ಹವೆ ಇತ್ತು. ಹನಿ, ಮೌನ, ಭಾವ, ಕನಸು, ಇಬ್ಬನಿ, ಅಲೆ. ಈ ಆರರಲ್ಲಿ ಯಾವ ಎರಡನ್ನು ಜೋಡಿಸಿದರೂ ಒಂದು ಬ್ಲಾಗು ಆಗಲೇ ಇರುತ್ತಿತ್ತು. ನಾನೂ ಅಂಥದ್ದೇ ಒಂದು ಇಟ್ಟೆ, ಈಗ ಹೇಳಲು ನಾಚಿಕೆ. ವಿಳಾಸ ಬದಲಾಯಿಸಿದರೆ ಹಳೆಯ ಕೊಂಡಿಗಳೆಲ್ಲ ಸಾಯುತ್ತವೆ ಎಂದು ಹಾಗೇ ಉಳಿಸಿಕೊಂಡಿದ್ದೇನೆ. ಹದಿನೆಂಟರಲ್ಲಿ ಹಚ್ಚೆ ಹಾಕಿಸಿಕೊಂಡವರ ಸ್ಥಿತಿ.

ಕನ್ನಡ ಮೂಡಿಸುವುದು ಆಗ ಸಣ್ಣ ಕೆಲಸವಲ್ಲ. ಮನೆಯಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಕನ್ನಡ ಬರುತ್ತಿತ್ತು, ತುಂಗಾ ಎಂಬ ಫಾಂಟೂ ಜೊತೆಗೇ ಬಂದಿತ್ತು, ಆದರೆ ಒತ್ತಕ್ಷರ ಕೂಡಬೇಕಾದರೆ ಸೆಟ್ಟಿಂಗಿನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಬೇಕು, ಹಾಕಿದರೆ ಅದು ಎಕ್ಸ್‌ಪಿ ಸೀಡಿ ಕೇಳುತ್ತಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗನ ಹತ್ತಿರ ಸೀಡಿಗಾಗಿ ಎರಡು ಸಲ ಹೋಗಿದ್ದೇನೆ. 'ಬರಹ' ಎಂಬ ತಂತ್ರಾಂಶದಲ್ಲಿ ಟೈಪು ಮಾಡಿ, ಜಾಲದಲ್ಲಿ ಮೂಡುವ ಯೂನಿಕೋಡ್ ಸಂಕೇತಕ್ಕೆ ತಿರುಗಿಸಿ, ಕಾಪಿ ಮಾಡಿ ತಂದು ಅಂಟಿಸುವುದು. ಆಫೀಸಿನಲ್ಲಿ 'ನುಡಿ' ಎಂಬ ಇನ್ನೊಂದು ತಂತ್ರಾಂಶದಲ್ಲಿ ಹೊಡೆದದ್ದನ್ನು ಹಾಗೇ ತಂದು ಅಂಟಿಸಿದರೆ ಎ ಬಿ ಸಿ ಡಿ ಮೇಲೆ ಸೊನ್ನೆ ಚುಕ್ಕಿ ಇಟ್ಟ ಹಾಗೆ ಏನೋ ಮೂಡುತ್ತಿತ್ತು. ಎಲ್ಲ ಸರಿಮಾಡಿ ಪ್ರಕಟಿಸಿ ಗೆಳತಿಗೆ ಫೋನ್ ಮಾಡಿದರೆ, "ನಂಗೆ ಬರೀ ಡಬ್ಬಿ ಡಬ್ಬಿ ಕಾಣ್ತಿದೆ ಕಣೆ" ಅನ್ನುವಳು. ರ‍್ಯಾಂಕ್ ಎಂಬ ಒಂದು ಪದದ ಜೊತೆ ಗುದ್ದಾಡಿದ್ದು ಮರೆಯುವುದಿಲ್ಲ. ಸುಮ್ಮನೆ ಹೊಡೆದರೆ ಸೂರ್ಯದಲ್ಲಿ ಬರುವ ಹಾಗೆ ಅರ್ಕಾವತ್ತು ಪಕ್ಕಕ್ಕೆ ಹೋಗಿ ಕೂರುತ್ತಿತ್ತು. ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಸೇರಿಸಬೇಕು ಎಂದು ಗೊತ್ತಾಗುವ ಹೊತ್ತಿಗೆ ಆ ಬರಹದಿಂದ ರ‍್ಯಾಂಕನ್ನೇ ತೆಗೆದು "ಮೊದಲ ಸ್ಥಾನ" ಎಂದು ಮಾಡಿಬಿಟ್ಟಿದ್ದೆ.

ಇದನ್ನೆಲ್ಲ ಹೇಳುವಾಗ ನಾವೇ ದಾರಿ ಕಡಿದವರು ಎಂಬ ಧ್ವನಿ ಬರುತ್ತದೆ, ಅದು ಸುಳ್ಳು. ಪವನಜ ಅವರ 'ವಿಶ್ವಕನ್ನಡ' ತಾಣ ಅಂತರಜಾಲಕ್ಕೆ ಬಂದದ್ದು 1996ರಲ್ಲಿ. ಆಗ ನಾನು ಕಂಪ್ಯೂಟರ್ ಮುಟ್ಟಿಯೂ ಇರಲಿಲ್ಲ. ಹರಿಪ್ರಸಾದ್ ನಾಡಿಗರ 'ಸಂಪದ' ಜಾಲತಾಣದಲ್ಲಿ ಜನ ಕನ್ನಡದಲ್ಲೇ ಜಗಳವಾಡುವುದನ್ನು ನೋಡಿದ ಮೇಲೆ ನನಗೂ ಧೈರ್ಯ ಬಂದದ್ದು. ನಾವು ಬಂದದ್ದು ಎರಡನೇ ಪಂಕ್ತಿಗೆ. ಎಲೆ ಹಾಸಿತ್ತು, ಪಲ್ಯ ಸ್ವಲ್ಪ ಆರಿತ್ತು, ಅಷ್ಟೆ.

ಆ ಪಂಕ್ತಿಯಲ್ಲಿ ಒಂದು ರೀತಿ ರಿವಾಜು ಇತ್ತು. ಯಾರಾದರೂ ಹೊಸದಾಗಿ ಬ್ಲಾಗು ತೆರೆದರೆ ನಾವೊಂದು ಏಳೆಂಟು ಜನ ಹೋಗಿ "ಸ್ವಾಗತ. ಬರೆಯುತ್ತಿರಿ" ಎಂದು ಕಮೆಂಟು ಹಾಕಿ ಬರುತ್ತಿದ್ದೆವು. ಗೃಹಪ್ರವೇಶಕ್ಕೆ ಹೋಗಿ ಮುಯ್ಯಿ ಕೊಟ್ಟು ಬಂದ ಹಾಗೆ. ಓದಿ ಹಾಕುತ್ತಿದ್ದೆವೇ ಎಂದು ಕೇಳಬೇಡಿ. ಅವರು ನಮ್ಮ ಮನೆಗೆ ಬಂದು ಮುಯ್ಯಿ ತೀರಿಸುತ್ತಿದ್ದರು. ಹೀಗಾಗಿ 2008ರ ನನ್ನ 38 ಬರಹಗಳಿಗೆ ಬಂದ ಕಮೆಂಟುಗಳಲ್ಲಿ ಮುಕ್ಕಾಲು ಪಾಲು "ಚೆನ್ನಾಗಿದೆ", "ಮನಮುಟ್ಟುವ ಬರಹ". ಅವನ್ನು ಓದಿ ನಾನು ಉಬ್ಬಿದ್ದೂ ನಿಜ. ಆಮೇಲೆ ಅವು ನಿಂತಾಗ ಕುಗ್ಗಿದ್ದೂ ಅದೇ ಲೆಕ್ಕದಲ್ಲಿ.

ಅಟ್ಟದ ಕಾಯಿ

ಮೊದಲ ಹತ್ತು ಬರಹಗಳ ವಿಷಯ ಕೇಳಿದರೆ ನಗುತ್ತೀರಿ. "ಮಹಿಳೆ ಮತ್ತು ಸ್ವಾತಂತ್ರ್ಯ". "ಕನ್ನಡ ಉಳಿದೀತೇ?" "ಎತ್ತ ಸಾಗಿದೆ ಯುವಜನತೆ?" ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದವಳು ನಾನು. ಬ್ಲಾಗು ಎಂದರೆ ತೀರ್ಪುಗಾರರಿಲ್ಲದ ಪ್ರಬಂಧ ಸ್ಪರ್ಧೆ ಎಂದುಕೊಂಡಿದ್ದೆ. ಹನ್ನೊಂದನೆಯದಕ್ಕೆ ದೊಡ್ಡ ವಿಷಯಗಳೆಲ್ಲ ಮುಗಿದವು. ನಿಜವಾಗಿ ಮುಗಿದವು, ಉತ್ಪ್ರೇಕ್ಷೆಯಲ್ಲ. ಭ್ರಷ್ಟಾಚಾರ, ಪರಿಸರ, ಭಾಷೆ, ವರದಕ್ಷಿಣೆ ಆದ ಮೇಲೆ ನನಗೆ ಅಭಿಪ್ರಾಯ ಇದ್ದದ್ದು ಇನ್ನಾವುದರ ಮೇಲೂ ಇರಲಿಲ್ಲ. ಆ ವಾರ ಊರಿಗೆ ಹೋಗಿದ್ದೆ, ಬಂದು ಬರೆಯಲು ಬೇರೆ ಗತಿಯಿಲ್ಲದೆ ಅಪ್ಪನ ಅಟ್ಟದ ಬಗ್ಗೆ ಬರೆದೆ.

ನಮ್ಮದು ತಿಪಟೂರಿನ ಪಕ್ಕದ ಹಳ್ಳಿ. ಅಲ್ಲಿ ತೆಂಗಿನಕಾಯಿಯನ್ನು ಕಿತ್ತ ತಕ್ಷಣ ಒಡೆದು ಬಿಸಿಲಿಗೆ ಹಾಕುವ ಪದ್ಧತಿ ಇಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಸೇರಿಸಿ ಮರೆತುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಚಿಪ್ಪಿನಿಂದ ಬಿಡಬೇಕು, ಆಗ ಸುಲಿದು ಚಿಪ್ಪು ಒಡೆದರೆ ಇಡೀ ಉಂಡೆ ಕೊಬ್ಬರಿ ಸಿಗುತ್ತದೆ. ಅಪ್ಪ ಏಣಿ ಹತ್ತಿ ಅಟ್ಟದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಗೆ ಸಿಕ್ಕಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಮೊದಮೊದಲು ಕುಳುಕುಳು ಎಂದು ನೀರಿನ ಸದ್ದು. ಆಮೇಲೆ ಕೆಲವು ತಿಂಗಳು ಸದ್ದೇ ಇಲ್ಲ, ಮೂಗಿಯ ಹಾಗೆ ಇರುತ್ತದೆ. ಕೊನೆಗೊಂದು ದಿನ ಒಳಗಿನ ಉಂಡೆ ಬಿಟ್ಟುಕೊಂಡು ಲೊಡಲೊಡ ಅನ್ನುತ್ತದೆ. ಆ ಲೊಡಲೊಡ ಕೇಳಿದರೆ ಅಪ್ಪ ಕೆಳಗೆ ನಿಂತ ಅಮ್ಮನಿಗೆ "ಮಾತಾಡ್ತು" ಎಂದು ಕೂಗಿ ಹೇಳುತ್ತಿದ್ದರು. ಸದ್ದಿಲ್ಲದ ತಿಂಗಳುಗಳಲ್ಲಿ ಅದನ್ನು ಎತ್ತಿ ನೋಡಿ, ಹಾಗೇ ವಾಪಸ್ಸು ಇಡುತ್ತಿದ್ದರು. ಎಸೆದದ್ದನ್ನು ನಾನು ನೋಡಿಲ್ಲ.

ಇಷ್ಟನ್ನೇ ಬರೆದಿದ್ದೆ, ಒಂದೂವರೆ ಪುಟ. "ಎಂಟು ತಿಂಗಳಲ್ಲಿ ಕೊಬ್ಬರಿ ಸಿದ್ಧ" ಎಂಬ ಮಾತೂ ಅದರಲ್ಲಿತ್ತು. ಎರಡು ದಿನ ಬಿಟ್ಟು ಅರಸೀಕೆರೆಯವರೊಬ್ಬರ ಕಮೆಂಟು ಬಂತು. ಸ್ವಾಗತವಿಲ್ಲ, ಮನಮುಟ್ಟಲಿಲ್ಲ. "ಎಂಟು ತಿಂಗಳಿಗೆ ಇಳಿಸಿದರೆ ಅರ್ಧಕ್ಕರ್ಧ ಹಸಿ ಇರುತ್ತೆ. ಹತ್ತು ಹನ್ನೊಂದು ತಿಂಗಳು ಬೇಕು. ನಿಮ್ಮ ತಂದೆಯವರನ್ನು ಕೇಳಿ." ಫೋನ್ ಮಾಡಿ ಕೇಳಿದೆ. ಅಪ್ಪ, "ಯಾರದು ಹೇಳಿದ್ದು? ಸರಿಯಾಗೇ ಹೇಳಿದಾರೆ. ಎಂಟು ಅಂತ ನಿಂಗ್ಯಾರು ಹೇಳಿದ್ದು?" ಅಂದರು. ಯಾರೂ ಹೇಳಿರಲಿಲ್ಲ. ನಾನು ಅಂದಾಜಿಗೆ ಹೊಡೆದಿದ್ದೆ. "ಎತ್ತ ಸಾಗಿದೆ ಯುವಜನತೆ"ಯಲ್ಲಿ ಎಷ್ಟು ಅಂದಾಜು ಹೊಡೆದಿದ್ದರೂ ಒಬ್ಬರೂ ಕೇಳಿರಲಿಲ್ಲ. ಕೇಳುವ ಹಾಗೆ ಅದರಲ್ಲಿ ಏನೂ ಇರಲಿಲ್ಲ. ಈ ಒಂದು "ಎಂಟು" ಹಿಡಿದು ಒಬ್ಬ ಮನುಷ್ಯ ಬಂದ. ಹೊಗಳಿಕೆಯ ಮೂವತ್ತು ಕಮೆಂಟಿಗಿಂತ ಆ ಬೈಗುಳವೇ ಓದಿದ್ದಕ್ಕೆ ರಸೀದಿ ಎಂದು ನನಗೆ ಅನಿಸಿತ್ತು. ಆದರೂ ಮುಂದಿನ ಬರಹಕ್ಕೆ ಮತ್ತೆ "ಚೆನ್ನಾಗಿದೆ"ಗಳನ್ನೇ ಕಾದೆ ಅನ್ನುವುದು ಬೇರೆ ಮಾತು.

ಹಲ್ಲುಬ್ಬು

ಅಟ್ಟ ಗೆದ್ದ ಮೇಲೆ ಮನೆಯವರೆಲ್ಲ ನನಗೆ ಬರಹದ ಸಾಮಾನಾದರು. ಹೊಸದಾಗಿ ಬರೆಯುವವರಿಗೆ ಈ ಘಟ್ಟ ಬಂದೇ ಬರುತ್ತದೆ. ವಿಷಯ ಎಲ್ಲಿಂದ ತರಲಿ ಎಂದು ಒದ್ದಾಡುತ್ತಿದ್ದವರಿಗೆ ಒಂದು ದಿನ ಅಡುಗೆಮನೆಯಲ್ಲೇ ನಿಧಿ ಸಿಗುತ್ತದೆ, ನಿಧಿ ತಮ್ಮದೊಬ್ಬರದೇ ಎಂದುಕೊಳ್ಳುತ್ತಾರೆ. ನಾನು ದೊಡ್ಡಮ್ಮನ ಬಗ್ಗೆ ಬರೆದೆ. ಮದುವೆಯಾದ ಹೊಸದರಲ್ಲಿ ಆಕೆ ಈಶ್ವರನ ಗುಡಿಗೆ ಎಂದು ಹೇಳಿ ಟೂರಿಂಗ್ ಟಾಕೀಸಿಗೆ ಹೋಗುತ್ತಿದ್ದದ್ದು, ಬರುವಾಗ ದಾರಿಯಲ್ಲಿ ವಿಭೂತಿ ಹಚ್ಚಿಕೊಂಡು ಬರುತ್ತಿದ್ದದ್ದು, ಇತ್ಯಾದಿ. ಮನೆಯಲ್ಲಿ ಎಲ್ಲರೂ ನೂರು ಸಲ ಹೇಳಿಕೊಂಡು ನಕ್ಕ ಕಥೆ. ಸಂತೋಷದಿಂದ ಬರೆದದ್ದು. ಚೆನ್ನಾಗಿಯೂ ಬಂದಿತ್ತು. ಈಗಲೂ ಹಾಗೇ ಅನಿಸುತ್ತದೆ, ಏನು ಮಾಡಲಿ.

ಆರು ತಿಂಗಳಾದ ಮೇಲೆ ತಿಪಟೂರಿನಲ್ಲಿ ಒಂದು ಮದುವೆ. ಊಟದ ಮನೆಯ ಪಕ್ಕದಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ದೊಡ್ಡಮ್ಮ ಎಲೆಯಡಿಕೆ ಮಡಿಸುತ್ತಿದ್ದರು. ನಾನು ನಮಸ್ಕಾರ ಮಾಡಲು ಬಗ್ಗಿದರೆ ರಟ್ಟೆ ಹಿಡಿದುಕೊಂಡು ಎದ್ದು, ಜನರ ನಡುವೆಯೇ ಎಳೆದುಕೊಂಡು ಉಗ್ರಾಣದೊಳಗೆ ಕರೆದುಕೊಂಡು ಹೋದರು. ಒಳಗೆ ಬೂಂದಿ ಲಾಡಿನ ಹೆಡಿಗೆಗಳು, ತರಕಾರಿ ಮೂಟೆ, ಒಬ್ಬ ಅಡುಗೆಯವನು ಗೋಡೆಗೊರಗಿ ನಿದ್ದೆ. ಅವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ, "ಏನೇ, ನಾನು ಹಲ್ಲುಬ್ಬಿ ಅಂತ ಬರ್ದಿದೀಯಂತೆ?" ಅಂದರು.

ಬರೆದಿದ್ದೆ. "ತುಸು ಉಬ್ಬಿದ ಹಲ್ಲಿನ, ಸದಾ ನಗುವ ನಮ್ಮ ದೊಡ್ಡಮ್ಮ" ಎಂದು. ಅಣ್ಣನ ಮಗ ಆಫೀಸಿನ ಪ್ರಿಂಟರಿನಲ್ಲಿ ತೆಗೆದುಕೊಂಡು ಬಂದು ಬೀಗರ ಮುಂದೆ ಗಟ್ಟಿಯಾಗಿ ಓದಿದ್ದನಂತೆ. ಪ್ರೀತಿಯಿಂದ ಬರೆದದ್ದು ದೊಡ್ಡಮ್ಮ ಅಂತೇನೋ ತೊದಲಿದೆ. "ಪ್ರೀತಿ ಇದ್ರೆ ಹಲ್ಲು ಯಾಕೆ ಕಾಣುತ್ತೆ?" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಆಮೇಲೆ ಕೈ ಬಿಟ್ಟು, ಸೆರಗಿನಲ್ಲಿ ಸುಣ್ಣದ ಬೆರಳು ಒರೆಸಿಕೊಂಡು, ಬೇರೆಯೇ ದನಿಯಲ್ಲಿ ಹೇಳಿದರು: "ಹಲ್ಲಿರಲಿ ಬಿಡು. ಸಿನಿಮಾನೂ ಇರಲಿ, ನಾನು ಹೋಗಿದ್ದು ನಿಜ. ನಿಮ್ ದೊಡ್ಡಪ್ಪ ಇಸ್ಪೀಟಲ್ಲಿ ಕೂತಿರ್ತಿದ್ರು, ಅದಕ್ಕೇ ಇವಳು ಹೋಗೋದು ಗೊತ್ತಾಗ್ತಿರಲಿಲ್ಲ ಅಂತ ಒಂದು ಮಾತು ಸೇರಿಸಿದೀಯಲ್ಲ, ಅದನ್ನ ತೆಗಿ. ಅವರು ಇಲ್ಲ. ಇದ್ದಿದ್ರೆ ಅವರೇ ಬಂದು ನಿನ್ ಹತ್ರ ಮಾತಾಡೋರು."

ಆ ಒಂದು ಸಾಲು ನಾನು ಕಥೆಗೆ ಸಂಬಂಧ ಕಲ್ಪಿಸಲು ಹಾಕಿದ್ದೆ. ಬರೆಯುವವರಿಗೆ ಅದು ಸಂಬಂಧಕ, ಅವರಿಗೆ ಮೂವತ್ತು ವರ್ಷದ ಸಂಸಾರ. ಮೈಸೂರಿಗೆ ಬಂದ ರಾತ್ರಿಯೇ ತೆಗೆದೆ. ತೆಗೆದರೂ ಹೋಗಲಿಲ್ಲ. ಹೊಸ ಬರಹ ತಾನಾಗಿ ಬಂದು ಸೇರುವ ಫೀಡಿನಲ್ಲಿ ಓದುವವರ ಹತ್ತಿರ ಹಳೆಯದೇ ಉಳಿದಿತ್ತು, ಯಾರೋ ಇಡೀ ಬರಹವನ್ನು ನನ್ನ ಹೆಸರು ಕಿತ್ತು ಈಮೇಲಿನಲ್ಲಿ ಓಡಿಸಿದ್ದರು, ಆಮೇಲೆ ವಾಟ್ಸಾಪ್ ಬಂದಾಗ ಅದೂ ಅಲ್ಲಿಗೆ ಬಂತು. ಮೂರು ವರ್ಷದ ಹಿಂದೆ ನಮ್ಮ ಆಫೀಸಿನ ಗುಂಪಿನಲ್ಲೇ ಬಂತು, ಇಸ್ಪೀಟು ಸಮೇತ. ಕೆಳಗೆ "ಓದಿ ನಗು ಬರದಿದ್ದರೆ ಕೇಳಿ" ಎಂಬ ಒಕ್ಕಣೆ. ದೊಡ್ಡಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು, ಒಳ್ಳೆಯದಾಯಿತು ಅನ್ನಲು ಬಾಯಿ ಬರುವುದಿಲ್ಲ.

ಬದುಕಿರುವವರ ಬಗ್ಗೆ ಬರೆದರೆ ಈಗ ಮೊದಲು ಅವರಿಗೇ ಫೋನಿನಲ್ಲಿ ಓದಿ ಹೇಳುತ್ತೇನೆ. ಸೋಜಿಗವೆಂದರೆ ಅವರು ತೆಗೆಯಲು ಹೇಳುವುದು ನಾನು ಅಂಜಿದ ಜಾಗವನ್ನಲ್ಲ. ಯಾವಾಗಲೂ ಇನ್ನೆಲ್ಲೋ ಇರುತ್ತದೆ ಮುಳ್ಳು. ಅಕ್ಕ ಒಮ್ಮೆ ತನ್ನ ಗಂಡನ ಜಗಳದ ಇಡೀ ಪ್ಯಾರಾ ಬಿಟ್ಟು, ಮನೆಗೆ ಸುಣ್ಣ ಬಳಿಸಿಲ್ಲ ಎಂಬ ಮಾತನ್ನು ತೆಗೆಸಿದಳು.

ರಷ್ಯಾದಿಂದ ಬಂದವರು

2010ರ ನಂತರ ಏನಾಯಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಪಂಕ್ತಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಫೇಸ್‌ಬುಕ್ಕಿಗೆ ಎದ್ದು ಹೋದರು. ಅಲ್ಲಿ ಬರೆದದ್ದು ಮಧ್ಯಾಹ್ನಕ್ಕೆ ಬಿಸಿ, ರಾತ್ರಿಗೆ ತಂಗಳು, ಆದರೆ ಆ ಮಧ್ಯಾಹ್ನದ ಬಿಸಿ ಬ್ಲಾಗಿನಲ್ಲಿ ವರ್ಷವಿಡೀ ಇರಲಿಲ್ಲ. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ಅದು ಮುಚ್ಚಿದ್ದು ಅಂಚೆಯಣ್ಣ ಬರುವುದು ನಿಂತ ಹಾಗೆ. ಯಾರ ಬಾಗಿಲಿಗೆ ಏನು ಬಂದಿದೆ ಎಂದು ಕೂತಲ್ಲೇ ತಿಳಿಯುತ್ತಿತ್ತು, ಇನ್ನು ಒಬ್ಬೊಬ್ಬರ ಮನೆಗೂ ನಡೆದು ಹೋಗಿ ನೋಡಬೇಕು. ನಾನು ಹೋಗಲಿಲ್ಲ. ನನ್ನಲ್ಲಿಗೂ ಯಾರೂ ಬರಲಿಲ್ಲ. ಆ ವರ್ಷದ ನನ್ನ ಒಂದೇ ಬರಹ ಯಾವುದು ಗೊತ್ತೇ? ಕ್ಷಮಾಪಣೆ.

ಜನ ಬರುತ್ತಾರೋ ಇಲ್ಲವೋ ಎಂದು ಅಂಕಿಅಂಶದ ಪುಟ ತೆಗೆದು ನೋಡುವ ಚಟ ಮಾತ್ರ ಹೋಗಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ರಷ್ಯಾದಿಂದ ಮುನ್ನೂರು ಚಿಲ್ಲರೆ ಓದುಗರು. ಅಪ್ಪನ ಅಟ್ಟವನ್ನು ಅಷ್ಟು ಜನ ರಷ್ಯನ್ನರು ಯಾಕೆ ಓದುತ್ತಾರೆ ಎಂದು ಅರ್ಧ ದಿನ ಪುಳಕಗೊಂಡಿದ್ದೆ. ಯಂತ್ರಗಳಂತೆ ಅವು, ತಮ್ಮ ಕೊಂಡಿ ಬಿತ್ತಲು ಬರುವವು. ಉಳಿದಂತೆ ನನ್ನ ಬ್ಲಾಗಿನಲ್ಲಿ ಇವತ್ತಿಗೂ ಹೆಚ್ಚು ಜನ ನೋಡುವುದು ಅದೇ ಅಟ್ಟದ ಬರಹವನ್ನು. ಹೆಮ್ಮೆ ಪಡಬೇಡಿ, ಅವರು ಗೂಗಲಿನಲ್ಲಿ ಹುಡುಕಿ ಬರುವುದು "ತಿಪಟೂರು ಕೊಬ್ಬರಿ ಬೆಲೆ ಇಂದು" ಎಂದು. ಬಂದವರು ಬೆಲೆ ಕಾಣದೆ, ಯಾರದೋ ಅಪ್ಪ ಕಿವಿಗೆ ಕಾಯಿ ಹಿಡಿದುಕೊಂಡಿರುವುದನ್ನು ಕಂಡು ಮನಸ್ಸಿನಲ್ಲೇ ಶಪಿಸಿ ಹೋಗುತ್ತಾರೆ. ಒಬ್ಬರು ಮಾತ್ರ "ಬೆಲೆ ಹಾಕಿ ಮೇಡಂ, ಕಥೆ ಆಮೇಲೆ" ಎಂದು ಬರೆದಿದ್ದಾರೆ.

ಗೆಳೆಯರ ಬ್ಲಾಗುಗಳಿಗೆ ನಾನು ಕೊಟ್ಟಿದ್ದ ಕೊಂಡಿಗಳ ಪಟ್ಟಿ ಎಡಗಡೆ ಹಾಗೇ ಇದೆ, ಇಪ್ಪತ್ತಾರು ಹೆಸರು. ಮೊನ್ನೆ ಒಂದೊಂದನ್ನೇ ಒತ್ತಿದೆ. ಒಂಬತ್ತು ತೆರೆದವು. ದುಡ್ಡು ಕೊಟ್ಟು ಸ್ವಂತ ವಿಳಾಸ ತೆಗೆದುಕೊಂಡಿದ್ದವರದೇ ಹೆಚ್ಚು ಹಾಳಾಗಿರುವುದು. ವರ್ಷವರ್ಷ ನವೀಕರಿಸಲು ಮರೆತರು, ಯಾರೋ ಹಿಡಿದುಕೊಂಡರು. ಸೊಗಸಾದ ಕವಿತೆಗಳಿದ್ದ ಒಂದು ಜಾಗದಲ್ಲಿ ಈಗ ಜೂಜಿನ ಅಂಗಡಿ. ಬಿಟ್ಟಿ ವಿಳಾಸದವರು ಉಳಿದುಕೊಂಡಿದ್ದಾರೆ ಎಂದರೆ ಅದೂ ಪೂರ್ತಿ ಅಲ್ಲ. 2012ರ ಸುಮಾರಿಗೆ ಬ್ಲಾಗರಿನ ಬಿಟ್ಟಿ ವಿಳಾಸವಾದ ಬ್ಲಾಗ್‌ಸ್ಪಾಟ್ ನಮ್ಮನ್ನೆಲ್ಲ ಡಾಟ್ ಕಾಮಿನಿಂದ ಡಾಟ್ ಇನ್ ಕಡೆಗೆ ತಿರುಗಿಸಿತ್ತು. ಜನ ಆ ವಿಳಾಸವನ್ನೇ ನಕಲು ಮಾಡಿ ಎಲ್ಲ ಕಡೆ ಹಂಚಿದರು. 2020ರಲ್ಲಿ ಆ ಡಾಟ್ ಇನ್ ಗೂಗಲಿನ ಕೈತಪ್ಪಿತು, ಹಂಚಿದ ಕೊಂಡಿಗಳೆಲ್ಲ ಸತ್ತವು. ಡಾಟ್ ಇನ್ ತೆಗೆದು ಡಾಟ್ ಕಾಮ್ ಹಾಕಿದರೆ ಈಗಲೂ ತೆರೆಯುತ್ತವೆ ಎನ್ನುವುದು ಎಷ್ಟು ಜನಕ್ಕೆ ಹೊಳೆದೀತು? ನನ್ನ ಗೆಳತಿಯೊಬ್ಬಳು ತನ್ನ ಬ್ಲಾಗು ಹೋಗೇಬಿಟ್ಟಿತೆಂದು ಎರಡು ವರ್ಷ ದುಃಖಪಟ್ಟಿದ್ದಳು. ಆ ಮೂರು ಅಕ್ಷರ ಬದಲಾಯಿಸಿ ಕಳಿಸಿದಾಗ ಅತ್ತಳು. ಆಮೇಲೆ ಒಂದು ಬರಹವನ್ನೂ ಹಾಕಿದಳು. ತಲೆಬರಹ "ಮತ್ತೆ ಬಂದೆ". ಅದಾದ ಮೇಲೆ ಇಲ್ಲ.

ಅಪ್ಪನ ಡೈರಿ

ಅಪ್ಪ ಹೋದದ್ದು 2019ರಲ್ಲಿ. ಕರ್ಮವೆಲ್ಲ ಮುಗಿದ ಮೇಲೆ ಅಟ್ಟದ ಮೂಲೆಯಲ್ಲಿದ್ದ ಟ್ರಂಕು ಇಳಿಸಿದೆವು. ಗೊಬ್ಬರದ ಅಂಗಡಿಯವರೂ ಸೊಸೈಟಿಯವರೂ ಹೊಸ ವರ್ಷಕ್ಕೆ ಕೊಡುವ ಡೈರಿಗಳು, ಮೂವತ್ತಕ್ಕೂ ಹೆಚ್ಚು. ಅಪ್ಪ ದಿನಾ ರಾತ್ರಿ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಏನೋ ಗೀಚುತ್ತಿದ್ದದ್ದು ನಮಗೆಲ್ಲ ಗೊತ್ತು, ಲೆಕ್ಕ ಎಂದುಕೊಂಡಿದ್ದೆವು. ಲೆಕ್ಕವೇ. "ಬಿಸಿಲು. ಕಾಯಿ ಕೀಳಿಸಿದ್ದು 1,240. ಕೀಳುವವರು 2. ಊಟ ಇಲ್ಲೇ." "ಮಳೆ ಇಲ್ಲ." "ಮಳೆ ಇಲ್ಲ." "ಮಳೆ ಇಲ್ಲ. ಬೆಳ್ಳಿ ಹಸು ಈದಿತು, ಹೆಣ್ಣು." ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ: "ಚಿಕ್ಕ ಮಗಳು ಪಾಸು. ಕೊಬ್ಬರಿ 2 ಚೀಲ ಹಾಕಿದೆ." ಫಸ್ಟ್ ಕ್ಲಾಸು ಎಂದು ಬರೆಯಬಾರದಿತ್ತೇ ಅನಿಸಿತು. ಆಮೇಲೆ ಅಕ್ಕನ ವರ್ಷದ್ದು ಹುಡುಕಿ ನೋಡಿದೆ. ಅವಳು ಡಿಸ್ಟಿಂಕ್ಷನ್. ಅಲ್ಲೂ "ದೊಡ್ಡ ಮಗಳು ಪಾಸು."

1996ರ ಡೈರಿಯಲ್ಲಿ ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ಕೊನೆಯ ತನಕ ಹಾಳೆಗಳು ಖಾಲಿ. ಆಗ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು, ಬದುಕುತ್ತಾರೋ ಇಲ್ಲವೋ ಎಂದು ನಾವು ಆಸ್ಪತ್ರೆಯ ವರಾಂಡದಲ್ಲಿ ಮಲಗಿ ಎದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದರ ಬಗ್ಗೆ ಏನು ಬರೆದಿರಬಹುದು ಎಂದು ಆಸೆಯಿಂದ ಮುಂದಿನ ಹಾಳೆ ತಿರುವಿದೆ. "ತೋಟದ ಪಂಪಿನ ವಾಷರ್ ಹೋಗಿತ್ತು. ಹಾಕಿಸಿದೆ. ಮೋಡ." ಅಷ್ಟೆ. ಕೈಬರಹ ಸ್ವಲ್ಪ ನಡುಗಿದೆ, ಅದೊಂದೇ ಗುರುತು.

ನಾನು ಆ ಹಾಳೆಯನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಮೂರೂವರೆ ತಿಂಗಳು ಬರೆಯದೆ ಇದ್ದುದಕ್ಕೆ ಅಪ್ಪ ಯಾರ ಕ್ಷಮೆಯನ್ನೂ ಕೇಳಿರಲಿಲ್ಲ. ಕೇಳಲು ಯಾರೂ ಇರಲಿಲ್ಲ ಎನ್ನಬಹುದು, ಡೈರಿ ಬೇರೆ ಬ್ಲಾಗು ಬೇರೆ ಎನ್ನಬಹುದು. ನಿಜ, ಡೈರಿಗೆ ಅರಸೀಕೆರೆಯಿಂದ ಯಾರೂ ಬಂದು ತಿದ್ದುವುದಿಲ್ಲ. ಆದರೆ 2013ರಲ್ಲಿ ನನಗೆ ಮಾತ್ರ ಯಾರಿದ್ದರು? ಬರೆಯಲಿಲ್ಲ ಎಂದು ಒಬ್ಬರೂ ಕೇಳಿರಲಿಲ್ಲ. ಯಾರಾದರೂ ಕೇಳಲಿ ಎಂದು ನಾನೇ ಮುಂದಾಗಿ ಉತ್ತರ ಕೊಟ್ಟಿದ್ದೆ. ಏಳೂ ಸಲ ಅದೇ. ಹೇಳಬೇಕಾದದ್ದು ಇದ್ದಾಗ ನಾನು ಕ್ಷಮೆ ಕೇಳಿಯೇ ಇಲ್ಲ ಎಂಬುದನ್ನೂ ಮೊನ್ನೆ ಗಮನಿಸಿದೆ. 2016ರ ಬರಹ ನೇರ "ಈ ಸಲ ಊರಲ್ಲಿ ಸುಳಿ ಕೊಳೆತ ಮರ ಹದಿನಾಲ್ಕು" ಎಂದು ಶುರುವಾಗುತ್ತದೆ. ಮಧ್ಯೆ ಎರಡು ವರ್ಷ ಎಲ್ಲಿದ್ದೆ ಎಂಬ ಮಾತೇ ಇಲ್ಲ. ಓದಿದವರಿಗೂ ಅದು ಬೇಕಾಗಿರಲಿಲ್ಲ.

ಆ ಹಾಳೆ ನೋಡಿದ ಮೇಲೆ ಬ್ಲಾಗಿನಲ್ಲಿ ಒಂದು ಸಣ್ಣ ಬದಲಾವಣೆ ಆಗಿದೆ. ಬರಹದ ಮೊದಲ ಪ್ಯಾರಾವನ್ನು ಕೊನೆಗೆ ಅಳಿಸಿ ನೋಡುತ್ತೇನೆ. ಸಾಧಾರಣವಾಗಿ ಅದರಲ್ಲಿ ಇರುವುದು ಗಂಟಲು ಸರಿಮಾಡಿಕೊಳ್ಳುವ ಸದ್ದು. (ಇವತ್ತಿನದನ್ನು ಅಳಿಸಿಲ್ಲ. ಕ್ಷಮಾಪಣೆಗಳ ಬಗ್ಗೆಯೇ ಬರೆಯುವಾಗ ಸ್ವಲ್ಪ ಗಂಟಲು ಸರಿಮಾಡಿಕೊಂಡರೆ ತಪ್ಪಿಲ್ಲ.)

ಹೆಸರು ಸಿಗುತ್ತಿಲ್ಲ

ಅಕ್ಕನ ಮಗಳಿಗೆ ಏನು ಹೇಳಿಕೊಟ್ಟೆ ಎಂದು ಕೇಳಿದರೆ, ಹೆಚ್ಚೇನಿಲ್ಲ. ಈಗಿನ ಹುಡುಗರಿಗೆ ಡಬ್ಬಿ ಅಕ್ಷರದ ಕಷ್ಟವಿಲ್ಲ, ಮೊಬೈಲಿಗೆ ಮಾತಾಡಿದರೆ ಅದೇ ಕನ್ನಡ ಮೂಡಿಸುತ್ತದೆ, ಅಲ್ಲಲ್ಲಿ 'ಹಾಲು' 'ಹಾಳು' ಆಗುವುದನ್ನು ನೋಡಿಕೊಂಡರೆ ಸಾಕು. ಮೊದಲ ವರ್ಷ ದುಡ್ಡು ಕೊಟ್ಟು ವಿಳಾಸ ತೆಗೆದುಕೊಳ್ಳಬೇಡ ಅಂದೆ. ಬ್ಲಾಗರ್ ಆಗಲಿ ವರ್ಡ್‌ಪ್ರೆಸ್ ಆಗಲಿ ಬಿಟ್ಟಿಯದೇ ಸಾಕು. ಬರೆದದ್ದರ ಒಂದು ಪ್ರತಿ ನಿನ್ನ ಹತ್ತಿರ ಬೇರೆ ಇರಲಿ, ಸೆಟ್ಟಿಂಗಿನಲ್ಲಿ ಇಡೀ ಬ್ಲಾಗನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವ ದಾರಿ ಇದೆ, ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಅದನ್ನು ಮಾಡು ಅಂದೆ. ಅಂಕಿಅಂಶ ನೋಡಬೇಡ ಎಂದು ಹೇಳಲು ಹೊರಟು ಸುಮ್ಮನಾದೆ, ನನ್ನ ಬಾಯಲ್ಲಿ ಅದು ಶೋಭಿಸುವುದಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಮಾತ್ರ ಹಾಕಬೇಡ, ಹೆಬ್ಬೆರಳುಗಳ ಸಾಲು ಬರುತ್ತದೆ, ಅದನ್ನು ನೋಡಿದರೆ ಮುಂದಿನದನ್ನು ಹೆಬ್ಬೆರಳಿಗೇ ಬರೆಯುತ್ತೀಯ ಅಂದೆ. "ಮತ್ತೆ ಏನ್ ಬರೀಲಿ ಚಿಕ್ಕಿ?" ಅಂದಳು. ಪಿಜಿಯಲ್ಲಿ ನೀರಿನ ಟ್ಯಾಂಕರು ಎಷ್ಟು ದಿನಕ್ಕೆ ಬರುತ್ತೆ ಅಂದೆ. "ಅಯ್ಯೋ, ಅದೊಂದು ದೊಡ್ ಕಥೆ" ಎಂದು ಇಪ್ಪತ್ತು ನಿಮಿಷ ಹೇಳಿದಳು. ಡ್ರೈವರು, ಓನರ್ ಆಂಟಿ, ಮೂರನೇ ಮಹಡಿಯ ಹುಡುಗಿ ತಲೆಗೆ ಶಾಂಪೂ ಹಚ್ಚಿಕೊಂಡು ನಿಂತದ್ದು. ಇಟ್ಟಮೇಲೆ ನನಗೆ ನೆನಪಾಯಿತು, ಓನರ್ ಆಂಟಿಯ ಹಲ್ಲಿನ ಬಗ್ಗೆ ಎಚ್ಚರಿಕೆ ಹೇಳಬೇಕಿತ್ತು.

ಇದಾಗಿ ಮೂರು ವಾರ. ಟ್ಯಾಂಕರಿನ ಕಥೆ ಇನ್ನೂ ಬಂದಿಲ್ಲ, ಹುಡುಗಿ ಹೆಸರು ಹುಡುಕುತ್ತಿದ್ದಾಳೆ. ರಕ್ತದಲ್ಲೇ ಇದೆ, ಏನು ಮಾಡುವುದು. ನಿನ್ನೆ ರಾತ್ರಿ ಮೂರು ಹೆಸರು ಕಳಿಸಿ ಯಾವುದಿರಲಿ ಅಂದಳು. ಎರಡನೆಯದು ಅಂದೆ. ಹತ್ತು ನಿಮಿಷ ಬಿಟ್ಟು ಫೋನೇ ಬಂತು.

"ಚಿಕ್ಕಿ, ಆ ಹೆಸರು ಆಗ್ಲೇ ಯಾರೋ ತಗೊಂಡ್ಬಿಟ್ಟಿದಾರೆ. 2009ರಲ್ಲಿ. ಒಂದೇ ಒಂದು ಪೋಸ್ಟ್ ಇದೆ. ಓದ್ಲಾ? 'ಇದು ಪರೀಕ್ಷೆಗಾಗಿ ಮಾತ್ರ. ನಾಳೆಯಿಂದ ಬರೆಯುತ್ತೇನೆ.' ಅಷ್ಟೇ, ಆಮೇಲೆ ಏನೂ ಇಲ್ಲ."

ಪಾಪ ಅಂದೆ.

"ಕೆಳಗೆ ಎರಡು ಕಮೆಂಟ್ ಇದೆ. 'ಸ್ವಾಗತ. ಬರೆಯುತ್ತಿರಿ' ಅಂತ." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗುತ್ತಾ ಅಂದಳು, "ಚಿಕ್ಕಿ, ಒಂದು ನಿಂದೇ."